ಎರಡನೇ ಬಾಟಲಿಯ ಗುಳ್ಳೆಗಳು

"ಈ ಮನೇಲಿ ಸಕ್ಕರೆ ಅನ್ನೋದು ಎಲ್ಲಿಗೆ ಹೋಗುತ್ತೆ?"

ಅಮ್ಮ ಕೇಳಿದ್ದು ಯಾರನ್ನೂ ಅಲ್ಲ. ಅಡುಗೆಮನೆಯಲ್ಲಿ ಒಬ್ಬಳೇ ನಿಂತು, ಡಬ್ಬವನ್ನು ಬೋರಲು ಹಾಕಿ ತಟ್ಟುತ್ತಿದ್ದಳು. ಒಂದು ಇರುವೆಗೆ ಸಾಲುವಷ್ಟು ಉದುರಿತು, ಅಷ್ಟೇ.

ಹೊರಕೋಣೆಯಲ್ಲಿದ್ದ ಕಿರಿಮಗಳು ಪಿಟೀಲಿಗೆ ಅದು ಕೇಳಿಸಿತು. ಹುಟ್ಟಿದಾಗ ಸಣ್ಣ ದನಿಯಲ್ಲಿ ಎಳೆದೆಳೆದು ಅಳುತ್ತಿದ್ದಳಂತೆ, ಅದಕ್ಕೆ ಅಪ್ಪ ಇಟ್ಟ ಹೆಸರು ಅದು. ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲೇ ಕಚ್ಚಿಕೊಂಡು ಅವಳು ಅಕ್ಕನ ಅಕ್ವೇರಿಯಂ ಮುಂದೆ ನಿಂತಿದ್ದಳು.

ಮೀನುಗಳೆಲ್ಲ ಮೇಲಕ್ಕೆ ಬಂದುಬಿಟ್ಟಿದ್ದವು. ನೀರಿನ ಅಂಚಿಗೆ ಬಾಯಿ ಹಚ್ಚಿ ತೆರೆಯುತ್ತಿದ್ದವು, ಮುಚ್ಚುತ್ತಿದ್ದವು. ಅಕ್ಕನ ಮುದ್ದಿನ ಪಟ್ಟೆ ಮೀನಿಗೆ ಮಾತ್ರ ಮೇಲೆ ಬರುವ ಶಕ್ತಿಯೂ ಇರಲಿಲ್ಲ. ಯಾವಾಗಲೂ ಗತ್ತಿನಿಂದ ಓಡಾಡುವ ಅದನ್ನು ಅಕ್ಕ 'ಮೇಷ್ಟ್ರು' ಎನ್ನುತ್ತಿದ್ದಳು. ಮೇಷ್ಟ್ರು ತಳದಲ್ಲಿ ಒಂದು ಮಗ್ಗುಲಿಗೆ ವಾಲಿಕೊಂಡಿದ್ದರು.

ಅಕ್ಕ ನರ್ಸಿಂಗ್ ಓದಲು ಹಾಸ್ಟೆಲ್ಲಿಗೆ ಹೋಗುವಾಗ ಅಕ್ವೇರಿಯಂ ಅನ್ನು ಇವಳ ಕೈಗೆ ಒಪ್ಪಿಸಿದ್ದಳು. ಅದರಲ್ಲಿ ಮೀನಿಗಿಂತ ಗಿಡಗಳೇ ಹೆಚ್ಚು. ಮುಂದುಗಡೆ ಮರಳಿನ ಮೇಲೆ ಪುಟಾಣಿ ಹುಲ್ಲು.

"ಗಿಡಕ್ಕೂ ಹಸಿವಾಗುತ್ತೆ ಕಣೇ," ಎಂದು ಅಕ್ಕ ಎಲ್ಲ ಹೇಳಿಕೊಟ್ಟಿದ್ದಳು. ಬಾಟಲಿಗೆ ಸಕ್ಕರೆ, ನೀರು, ಚಿಟಿಕೆ ಯೀಸ್ಟ್. ಯೀಸ್ಟ್ ಸಕ್ಕರೆ ತಿಂದು ಗ್ಯಾಸ್ ಬಿಡುತ್ತದೆ. ಮುಚ್ಚಳದಿಂದ ಹೊರಟ ಸಣ್ಣ ಟ್ಯೂಬು ಆ ಗ್ಯಾಸನ್ನು ನೀರಿನೊಳಗೆ ಗುಳ್ಳೆ ಗುಳ್ಳೆಯಾಗಿ ಬಿಡುತ್ತದೆ. ಅದೇ ಕಾರ್ಬನ್ ಡೈಆಕ್ಸೈಡ್, ಗಿಡದ ಊಟ. ಭಾನುವಾರಕ್ಕೊಮ್ಮೆ ಒಂದು ಮುಚ್ಚಳ ಗೊಬ್ಬರದ ನೀರು, ಅದು ಟಾನಿಕ್ಕು. ನೀರಿನಲ್ಲಿ ಗ್ಯಾಸ್ ಎಷ್ಟಿದೆಯೆಂದು ಬಣ್ಣದಲ್ಲಿ ತೋರಿಸಲು ಒಳಗಡೆ ಅಂಟಿಸಿದ ಪುಟ್ಟ ಗಾಜಿನ ಬುರುಡೆ ಹಸಿರಾಗಿದ್ದರೆ ಸರಿ. ನೀಲಿಯಾದರೆ ಗಿಡಕ್ಕೆ ಹಸಿವು. ಹಳದಿಯಾದರೆ ಸಾಕು, ನಿಲ್ಲಿಸು.

"ಲೈಟ್ ಆರಿಸಿದ್ಮೇಲೆ ಟ್ಯೂಬ್ ತೆಗೆದುಬಿಡು. ಕತ್ತಲಲ್ಲಿ ಗಿಡ ಊಟ ಮಾಡಲ್ಲ. ಮೀನಿಗೆ ಉಸಿರು ಕಟ್ಟುತ್ತೆ."

ಕೊನೆಗೆ ಬ್ಯಾಗಿನ ಜಿಪ್ ಎಳೆಯುತ್ತ ಒಂದು ಮಾತು ಅಂದಿದ್ದಳು. "ಈ ಹುಲ್ಲು ಆ ಕಡೆ ಗಾಜು ಮುಟ್ಟೋ ಹೊತ್ತಿಗೆ ನಾನು ಬಂದಿರ್ತೀನಿ."

ಪಿಟೀಲು ದಿನಾ ಗಾಜಿನ ಮೇಲೆ ಬೆರಳಿಟ್ಟು ಅಳೆದಳು. ಹುಲ್ಲು ನಿಂತಲ್ಲೇ ನಿಂತಂತಿತ್ತು. ಅದಕ್ಕೇ ಭಾನುವಾರದ ಟಾನಿಕ್ಕು ಪ್ರತಿ ಬೆಳಿಗ್ಗೆಯದಾಯಿತು. ಅದಕ್ಕೇ ಅಮ್ಮನ ಕಣ್ಣು ತಪ್ಪಿಸಿ ಎರಡನೇ ಬಾಟಲಿ ತಯಾರಾಯಿತು. ನಿನ್ನೆ ಮಲಗುವ ಮುಂಚೆ ಬುರುಡೆ ಹಳದಿಯಾಗಿದ್ದನ್ನು ಅವಳು ನೋಡಿದ್ದಳು. ನೋಡಿಯೂ ಲೈಟ್ ಆರಿಸಿದ್ದಳು. ಟ್ಯೂಬ್ ತೆಗೆಯಲಿಲ್ಲ. ಒಂದು ರಾತ್ರಿ ಹೆಚ್ಚು ತಿಂದರೆ ಒಂದು ದಿನ ಬೇಗ ಬೆಳೆದೀತು ಅಂದುಕೊಂಡಿದ್ದಳು.

ಬ್ರಷ್ ಕೆಳಗೆ ಬಿತ್ತು. ಪಿಟೀಲು ಮೆಟ್ಟಿಲಿಳಿದು ಓಡಿದಳು.

ಕೆಳಗೆ ಅಪ್ಪನ ಪಂಕ್ಚರ್ ಅಂಗಡಿ. ಅಪ್ಪ ಗಾಳಿ ತುಂಬಿದ ಟ್ಯೂಬೊಂದನ್ನು ನೀರಿನ ಬೇಸಿನ್ನಿನಲ್ಲಿ ಮುಳುಗಿಸಿ, ಎಲ್ಲಿಂದ ಗುಳ್ಳೆ ಏಳುತ್ತದೆ ಎಂದು ನೋಡುತ್ತಿದ್ದ.

"ಅಪ್ಪ, ಮೇಷ್ಟ್ರು..." ಅಷ್ಟೇ ಬಂತು ಬಾಯಿಂದ.

"ಯಾವ ಮೇಷ್ಟ್ರು? ಹೋಮ್‌ವರ್ಕ್ ಮಾಡಿಲ್ವಾ?" ಎಂದ ಅಪ್ಪ, ತಲೆಯೆತ್ತಿ ಅವಳ ಮುಖ ನೋಡಿದವನೇ ಕೈ ಒರೆಸಿಕೊಂಡ.

ಮೇಲೆ ಬಂದು ಅಕ್ವೇರಿಯಂ ನೋಡಿದ. ಎರಡು ಬಾಟಲಿ ನೋಡಿದ. ಎರಡೂ ಟ್ಯೂಬುಗಳನ್ನು ಕಿತ್ತು ಕಿಟಕಿಯಾಚೆ ಇಳಿಬಿಟ್ಟ. ಮತ್ತೆ ಕೆಳಗೆ ಹೋಗಿ, ಒರೆಸಿ ಚೊಕ್ಕ ಮಾಡಿದ ಸೈಕಲ್ ಪಂಪು ತಂದ.

"ಮೀನಿಗೆ ಗಾಳಿ ಹೊಡೀತೀಯಾ?" ಬಾಗಿಲಲ್ಲಿ ನಿಂತಿದ್ದ ಅಮ್ಮನ ಕೈಯಲ್ಲಿ ಇನ್ನೂ ಖಾಲಿ ಡಬ್ಬ.

"ಮೀನಿಗಲ್ಲ, ನೀರಿಗೆ. ನಿನ್ನೆ ಹಿಡಿದಿಟ್ಟ ನೀರಿದ್ರೆ ತಾ."

ಪಂಪಿನ ಪೈಪಿನ ತುದಿಯನ್ನು ಅಪ್ಪ ನೀರೊಳಗೆ ಹಿಡಿದ. "ಹೊಡಿ. ನಿಧಾನ. ಲಾರಿ ಟೈರಲ್ಲ ಇದು."

ಪಿಟೀಲು ಹೊಡೆದಳು. ಬುಳುಬುಳು ಎಂದು ದೊಡ್ಡ ಗುಳ್ಳೆಗಳೆದ್ದವು. ತೋಳು ನೋಯಿತು. ಅಪ್ಪ ಕೇಳಿದರೂ ಪಂಪು ಕೊಡಲಿಲ್ಲ. ಅಮ್ಮ ಚೆಂಬಿನಲ್ಲಿ ಹಳೆಯ ನೀರು ತೆಗೆದು ಹೊಸದನ್ನು ಮೆಲ್ಲಗೆ ಹೊಯ್ದಳು.

"ವಿಚಿತ್ರ ಕಣೇ," ಎಂದ ಅಪ್ಪ. "ಗುಳ್ಳೆ ಕಂಡಲ್ಲಿ ಮುಚ್ಚೋದು ನನ್ನ ಕೆಲಸ. ಗುಳ್ಳೆ ಬರಲಿ ಅಂತ ಕಾಯ್ಕೊಂಡು ಕೂರೋಳು ನಿಮ್ಮಕ್ಕ. ನೀನು ಇಬ್ಬರನ್ನೂ ಮೀರಿಸಿದೆ."

ಪಿಟೀಲಿಗೆ ನಗು ಬರಲಿಲ್ಲ. ಅಪ್ಪನೂ ನಗಲಿಲ್ಲ.

ಒಂದೊಂದೇ ಮೀನು ಕೆಳಗಿಳಿಯತೊಡಗಿತು. ಮೇಷ್ಟ್ರ ರೆಕ್ಕೆ ಅಲುಗಿತು. ನೆಟ್ಟಗಾದರು, ಮತ್ತೆ ವಾಲಿದರು, ಮತ್ತೆ ನೆಟ್ಟಗಾದರು. ಆದರೆ ಹುಲ್ಲಿನ ಮರೆಯಲ್ಲಿದ್ದ ಒಂದು ಸಣ್ಣ ಮೀನು ಏಳಲಿಲ್ಲ. ಅಪ್ಪ ಅದನ್ನು ಅಂಗೈಯಲ್ಲೆತ್ತಿ ಬಾಲ್ಕನಿಯ ಹೂಕುಂಡದಲ್ಲಿ ಹೂತ. ಮಣ್ಣು ಮುಚ್ಚಿದ್ದು ಪಿಟೀಲು. ಎರಡನೇ ಬಾಟಲಿಯನ್ನು ಖಾಲಿ ಮಾಡಿ ತೊಳೆದಿಟ್ಟದ್ದೂ ಅವಳೇ.

"ಬೇಕಿದ್ರೆ ಕೇಳಿದ್ರಾಗ್ತಿತ್ತು, ಸಕ್ಕರೆ," ಎಂದಳು ಅಮ್ಮ. ಬೈದಂತಿರಲಿಲ್ಲ ಅದು. ಅದಕ್ಕೇ ಪಿಟೀಲಿಗೆ ಅಳು ಬಂತು.

ಸಂಜೆ ಅಕ್ಕನ ವಿಡಿಯೋ ಕಾಲ್ ಬಂತು. ಹಾಸ್ಟೆಲ್ಲಿನ ವರಾಂಡದಲ್ಲಿ, ಬಿಳಿ ಯೂನಿಫಾರ್ಮಿನಲ್ಲೇ ಗೋಡೆಗೊರಗಿ ಕೂತಿದ್ದಳು. ಪಿಟೀಲು ಎಲ್ಲ ಹೇಳಿದಳು. ಹಳದಿ ಬುರುಡೆಯನ್ನೂ ಬಿಡಲಿಲ್ಲ, ಹೂಕುಂಡವನ್ನೂ ಬಿಡಲಿಲ್ಲ.

ಅಕ್ಕ ಫೋನಿನ ಹತ್ತಿರಕ್ಕೆ ಬಾಗಿದಳು. "ಹೇಳಿಕೊಟ್ಟಿದ್ನಲ್ಲೇ. ಯಾಕೆ ಹಾಗೆ ಮಾಡಿದೆ?"

"ಹುಲ್ಲು ಗಾಜು ಮುಟ್ಟಿದ್ರೆ ನೀನು ಬರ್ತೀನಿ ಅಂದಿದ್ಯಲ್ಲ."

ಅಕ್ಕ ಮೂಗು ಒರೆಸಿಕೊಂಡಳು. "ಅಯ್ಯೋ, ಅದು ಬಾಯಿಗೆ ಬಂದದ್ದು ಅಂದೆ ಕಣೇ. ಪರೀಕ್ಷೆ ಮುಗೀದೆ ಇವರು ಬಿಡಲ್ಲ." ಆಮೇಲೆ, "ಎಲ್ಲಿ, ತೋರಿಸು," ಎಂದಳು.

ಪಿಟೀಲು ಫೋನನ್ನು ಗಾಜಿಗೆ ಹಿಡಿದಳು. ಹುಲ್ಲಿನ ಮೇಲೆ ಮೇಷ್ಟ್ರು ನಿಧಾನಕ್ಕೆ ಹಾದುಹೋದರು, ಕಾಯಿಲೆಯಿಂದ ಎದ್ದವರ ಹಾಗೆ. ಅಕ್ಕ ನೋಡುತ್ತಲೇ ಇದ್ದಳು. ಫೋನಿನಿಂದ ಅವಳ ಉಸಿರು ಮಾತ್ರ ಕೇಳುತ್ತಿತ್ತು. ಪಿಟೀಲಿನ ಕೈ ಸೋತಿತು. ಅಕ್ಕ ಸಾಕು ಅನ್ನಲಿಲ್ಲ.

"ಇಲ್ಲಿ ನನ್ನ ಕಿಟಕಿ ತೆಗೆದ್ರೆ ಬರೀ ಗೋಡೆ," ಎಂದಳು ಕೊನೆಗೆ.

ದಿನ ಎಣಿಸುತ್ತಿರುವವಳು ತಾನೊಬ್ಬಳೇ ಎಂದು ಪಿಟೀಲು ಇಷ್ಟು ದಿನ ಅಂದುಕೊಂಡಿದ್ದಳು. ಫೋನನ್ನು ತಿರುಗಿಸಿ ಅಕ್ಕನ ಮುಖ ನೋಡಿದಳು.

"ಒಂದು ಕೆಲಸ ಮಾಡು ಪಿಟೀಲು," ಅಕ್ಕ ನಗುತ್ತಿದ್ದಳು, ಆದರೆ ನಗು ಸರಿಯಾಗಿ ನಿಲ್ಲುತ್ತಿರಲಿಲ್ಲ. "ಆ ಎರಡನೇ ಬಾಟಲಿ ಮತ್ತೆ ಹಾಕಿಬಿಡು. ಬೇಗ ಬೆಳೀಲಿ, ನಾನೂ ಬೇಗ ಬರ್ತೀನಿ."

ಗಾಜಿನ ಬುರುಡೆ ಹಸಿರಾಗಿತ್ತು. ಪಿಟೀಲು ಕೈ ಹಾಕಿ ಅಕ್ವೇರಿಯಂ ಲೈಟ್ ಆರಿಸಿದಳು. ಮಧ್ಯಾಹ್ನ ಮತ್ತೆ ಇಳಿಬಿಟ್ಟಿದ್ದ ಮೊದಲ ಬಾಟಲಿಯ ಟ್ಯೂಬನ್ನು ನೀರಿನಿಂದ ಹೊರತೆಗೆದು ಕಿಟಕಿಗೆ ಸಿಕ್ಕಿಸಿದಳು.

"ಇಲ್ಲ ಅಕ್ಕ," ಎಂದಳು. "ಹಾಕಲ್ಲ."