ಮಡಚಿದ್ರೆ ಸಾಮಾನು, ಬಿಚ್ಚಿದ್ರೆ ಸೈಕಲ್

"ಮೇಡಂ, ರೈಲೊಳಗೆ ಸೈಕಲ್ ತರೋ ಹಾಗಿಲ್ಲ!"

ಅವಳು ತಿರುಗಿ ನೋಡಿದಳು. ಕರಿ ಕೋಟು, ಕೈಯಲ್ಲಿ ಪ್ರಯಾಣಿಕರ ಪಟ್ಟಿ, ರೈಲಿನ ಕಾನೂನೆಲ್ಲ ತನ್ನ ಹೆಗಲ ಮೇಲೇ ಇದೆ ಎಂಬ ಗತ್ತು! ಆ ಟಿ.ಸಿ.ಗೆ ಇನ್ನೂ ಮೂವತ್ತು ದಾಟಿರಲಿಲ್ಲ.

"ಇದು ಮಡಚೋ ಸೈಕಲ್ ಸಾರ್."

"ಮಡಚಿ ಚೀಲಕ್ಕೆ ಹಾಕಿದ್ರೆ ಸಾಮಾನು. ಬಿಚ್ಚಿದ್ರೆ ಸೈಕಲ್. ಈಗ ಇದು ಸೈಕಲ್."

ಎಂಟು ಗಂಟೆಯ ಪ್ರಯಾಣ, ಇಳಿದ ಮೇಲೆ ಊರಾಚೆಯ ಆಸ್ಪತ್ರೆ, ಅಲ್ಲಿ ಸೊಂಟ ಹಿಡಿದವರೂ ಮಂಡಿ ನೋವಿನವರೂ ತನಗಾಗಿ ಕಾಯುತ್ತಿರುತ್ತಾರೆ... ಫಿಸಿಯೋಥೆರಪಿಸ್ಟ್ ಆಗಿದ್ದ ಅವಳು ಹೇಳಿದ್ದೊಂದೂ ಅವನ ಕಿವಿಗೆ ಹೋಗಲಿಲ್ಲ. ಕೊನೆಗೆ ಸೈಕಲ್ ಮಡಚಿ, ತನ್ನ ಹೊದಿಕೆಯಲ್ಲೇ ಸುತ್ತಿ ಸೀಟಿನ ಕೆಳಗೆ ತಳ್ಳಿದಳು.

'ಎಂಥ ಮೊಂಡ!'

ಆದರೆ ಆ ಮೊಂಡನೇ ಬಗ್ಗಿ, ಚಾಚಿಕೊಂಡಿದ್ದ ಪೆಡಲನ್ನು ಒಳಗೆ ಸರಿಸಿ, "ಕಾಲಿಗೆ ತಗುಲೀತು, ಹುಷಾರು" ಎಂದನಲ್ಲ!

ಅಂದಿನಿಂದ ಪ್ರತಿ ಸೋಮವಾರ ಅದೇ ರೈಲು, ಅದೇ ಬೋಗಿ, ಅದೇ ಟಿ.ಸಿ. ಅವಳು ಸೈಕಲ್ಲಿಗೊಂದು ಚೀಲ ಹೊಲಿಸಿದಳು. ಜಿಪ್ ಹಾಕಿದೆಯೋ ಇಲ್ಲವೋ ಎಂದು ನೋಡುವ ನೆಪದಲ್ಲಿ ಅವನು ಎರಡು ನಿಮಿಷ ಹೆಚ್ಚಿಗೆ ನಿಲ್ಲುತ್ತಿದ್ದ. ಮಾತು ಮಾತ್ರ ಚೀಲ ಬಿಟ್ಟು ಆಚೆ ಹೋಗುತ್ತಿರಲಿಲ್ಲ.

ಎಂಟು ತಿಂಗಳಾಯಿತು. ಆಸ್ಪತ್ರೆಯಲ್ಲಿ ಅವಳ ಕೆಲಸ ಕಾಯಂ ಆಯಿತು.

"ಮುಂದಿನ ಸೋಮವಾರವೇ ಕೊನೆ. ಆಮೇಲೆ ಅಲ್ಲೇ ಮನೆ ಮಾಡ್ತೀನಿ," ಎಂದಳು.

ಅವನ ಮುಖ ಬಾಡಿತು. ಮುಚ್ಚಿದ್ದ ಜಿಪ್ಪನ್ನೇ ಮತ್ತೊಮ್ಮೆ ಎಳೆದು ನೋಡಿ, "ಒಳ್ಳೇದಾಗಲಿ ಮೇಡಂ" ಎಂದು ನಡೆದೇಬಿಟ್ಟ!

ಆ ಕೊನೆಯ ಸೋಮವಾರ ಅವಳು ಬೋಗಿಯ ಬಾಗಿಲನ್ನೇ ನೋಡುತ್ತ ಕೂತಿದ್ದಳು. 'ಇವತ್ತಾದ್ರೂ ಹೇಳ್ತಾನಾ? ಇಲ್ಲಾಂದ್ರೆ ನಾನೇ ಹೇಳಿಬಿಡ್ತೀನಿ!'

ಟಿಕೆಟ್ ಕೇಳಲು ಬಂದವರು ಬಿಳಿ ಮೀಸೆಯ ಹಿರಿಯರು.

"ಯಾವಾಗ್ಲೂ ಬರ್ತಾರಲ್ಲ, ಅವರು...?"

"ಅವನಾ? ಇವತ್ತು ಈ ರೈಲಲ್ಲಿ ಡ್ಯೂಟಿ ಬೇಡ ಅಂತ ಅವನೇ ಬರೆದುಕೊಟ್ಟನಮ್ಮ."

ಅವನೇ ಬೇಡ ಅಂದನಾ? ನನ್ನ ಮುಖ ನೋಡೋದೂ ಬೇಡವಾಯ್ತಾ? ಅವಳ ಕಣ್ಣು ತುಂಬಿ ಬಂತು.

ಮುಂದಿನ ಸ್ಟೇಷನ್ನಿನಲ್ಲಿ ಬಾಗಿಲ ಬಳಿ ಗಲಾಟೆ!

"ಲೋ, ದಾರಿ ಬಿಡೋ! ಊರಿಗೆಲ್ಲ ಬುದ್ಧಿ ಹೇಳೋನಿಗೆ ಒಂದು ಸೈಕಲ್ ಮಡಚೋಕೆ ಬರಲ್ವಾ?" ಹಿರಿಯರು ಬೈಯುತ್ತಿದ್ದರು.

ಅವನೇ! ಕೋಟಿಲ್ಲ, ನೀಲಿ ಅಂಗಿ, ಮೈಯೆಲ್ಲ ಬೆವರು. ಕೈಯಲ್ಲಿ ಅರ್ಧ ಮಡಚಿದ ಹೊಸ ಸೈಕಲ್. ಅವಳು ಓಡಿ ಹೋಗಿ ಅರೆ ನಿಮಿಷದಲ್ಲಿ ಮಡಚಿ ಪಕ್ಕಕ್ಕಿಟ್ಟಳು.

"ಡ್ಯೂಟಿ ಬೇಡ ಅಂದ್ರಂತೆ!" ಕೋಪವೋ ಅಳುವೋ, ಅವಳಿಗೇ ತಿಳಿಯಲಿಲ್ಲ.

"ಟಿಕೆಟ್ ಕೇಳೋನೇ ಬಂದು ಮನಸ್ಸಿನ ಮಾತು ಹೇಳಿದ್ರೆ, ಬೇಡ ಅನ್ನೋಕೆ ನಿಮಗೆ ಭಯ ಆಗಬಹುದಲ್ಲ... ಅದಕ್ಕೇ ರಜೆ ಹಾಕಿ, ಟಿಕೆಟ್ ತಗೊಂಡು ಬಂದೆ. ಆಸ್ಪತ್ರೆವರೆಗೂ ನಿಮ್ಮ ಜೊತೆ ತುಳಿಯೋಣ ಅಂತ ಈ ಸೈಕಲ್ಲೂ ತಂದೆ. ನೀವಂದ್ರೆ ನನಗೆ ತುಂಬಾ ಇಷ್ಟ. ಬೇಡ ಅಂದ್ರೆ ಈಗಲೇ ಇಳಿದು ಹೋಗ್ತೀನಿ."

ರೈಲು ಹೊರಟಿತು. ಅವಳು ಅವನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು.

"ಇಳಿದ್ರೆ ನೋಡಿ! ನನಗೂ ನೀವಂದ್ರೆ ಇಷ್ಟ ಕಣ್ರೀ!"

ಹಿರಿಯರು ಕೆಮ್ಮಿ, ಮುಂದಿನ ಬೋಗಿಗೆ ನಡೆದರು.

"ವಾಪಸ್ ಟಿಕೆಟ್ ತೆಗೆಸಿದ್ದೀರಾ?" ಅವಳು ಮೆಲ್ಲಗೆ ಕೇಳಿದಳು.

"ಇಲ್ಲ... ನೀವು ಏನಂತೀರೋ ಅಂತ..."

"ಎರಡು ತೆಗೆಸಿ. ಊರಲ್ಲಿರೋ ಅಮ್ಮನಿಗೆ ನಿಮ್ಮನ್ನ ತೋರಿಸ್ಬೇಕು."