ಎಡಗಾಲಿಗೆ ಇಪ್ಪತ್ತು ಕೆಜಿ

ಆ ಜಿಮ್ಮಿನ ಕೋಚ್ ಅಂದರೆ ಸಾಮಾನ್ಯ ಆಸಾಮಿಯಲ್ಲ. ಊರಿನ ಅರ್ಧದಷ್ಟು ತೊಡೆಗಳು ಅವನ ಕೈಯಲ್ಲೇ ಪಳಗಿದ್ದವು. ಉಳಿದರ್ಧ ಅವನ ದನಿ ಕೇಳಿಯೇ ನಡುಗುತ್ತಿದ್ದವು. ಅವನು "ಇನ್ನೊಂದು!" ಎಂದು ಗುಡುಗಿದರೆ ಸತ್ತ ಸ್ನಾಯುವೂ ಎದ್ದು ಕೂತು "ಆಯ್ತು ಸಾರ್" ಅನ್ನುತ್ತಿತ್ತು. ಇಂಥ ಗಂಡಸು ಒಬ್ಬ ಹೆಂಗಸಿನ ಎಡಗಾಲಿನ ಮುಂದೆ ಮಂಡಿಯೂರಿ ಕೂತವನು ಮತ್ತೆ ನೆಟ್ಟಗೆ ಏಳಲಿಲ್ಲ. ಪ್ರೀತಿ ಎಂಬ ಕಾಯಿಲೆಗೆ ಮಾತ್ರ ಅಷ್ಟು ತಾಕತ್ತು.

ಅವಳು ಎಡಗಾಲನ್ನು ತುಸು ಎಳೆಯುತ್ತ ಮೆಟ್ಟಿಲೇರಿ ಬಂದದ್ದು ಬೆಳಗ್ಗೆ ಹತ್ತೂವರೆಗೆ, ಜಿಮ್ ಭಣಗುಡುವ ಹೊತ್ತಿನಲ್ಲಿ. ಸೊಂಟಕ್ಕೆ ಅಗಲವಾದ ಚರ್ಮದ ಬೆಲ್ಟು, ಕಾಲಿಗೆ ಆನೆ ತುಳಿದರೂ ಚಪ್ಪಟೆಯಾಗದ ಬೂಟು, ಅಂಗಿಯ ಜೇಬಿನ ಮೇಲೆ ವಿದ್ಯುತ್ ಇಲಾಖೆಯ ಮಿಂಚಿನ ಗುರುತು.

"ಫ್ಯೂಸ್ ಬಾಕ್ಸ್ ಮೆಟ್ಟಿಲ ಕೆಳಗಿದೆ," ಅಂದ ಕೋಚ್, ತಲೆಯೆತ್ತದೆ. "ಎರಡು ದಿನದ ಹಿಂದೆ ಕಂಪ್ಲೇಂಟ್ ಕೊಟ್ಟಿದ್ದು. ಈಗ ಬಂದ್ರಾ?"

"ಆ ಕಂಪ್ಲೇಂಟ್ ಬರ್ಕೊಂಡಿದ್ದು ನಾನೇ. 'ಕತ್ತಲಲ್ಲಿ ಡಂಬಲ್ ಕಾಲ ಮೇಲೆ ಬಿದ್ರೆ ನಿಮ್ಮಪ್ಪ ಬರ್ತಾನಾ' ಅಂತ ಕಿರುಚಿದ್ದು ನೀವೇ ತಾನೆ?"

ಕೋಚ್ ತಲೆಯೆತ್ತಿದ. ಎತ್ತಬಾರದಿತ್ತು. ಅವಳ ಕಣ್ಣಲ್ಲಿ ಹನ್ನೊಂದು ಸಾವಿರ ವೋಲ್ಟ್ ಓಡುತ್ತಿತ್ತು, ಅದಕ್ಕಿಂತ ಒಂದು ವೋಲ್ಟೂ ಕಮ್ಮಿಯಿಲ್ಲ.

"ನಮ್ಮಪ್ಪ ಬರೋ ಹಾಗಿಲ್ಲ. ಅದಕ್ಕೆ ನಾನು ಬಂದೆ," ಅಂದಳು. "ರಿಪೇರಿ ಆಗಬೇಕಿರೋದು ಫ್ಯೂಸ್ ಅಲ್ಲ. ಈ ಕಾಲು."

ಇಲಾಖೆಯ ಕಾಗದದಲ್ಲಿ ಅವಳ ಹುದ್ದೆಯ ಹೆಸರು ಲೈನ್‌ಮನ್. ಹೆಂಗಸಾದರೂ ಲೈನ್‌ಮನ್ನೇ. ಊರಿನಲ್ಲಿ ಅವಳು ಹತ್ತದ ಕಂಬವಿರಲಿಲ್ಲ; ಕಾಗೆಗಳೇ ಅವಳಿಗೆ ಜಾಗ ಬಿಟ್ಟು ಕೊಡುತ್ತಿದ್ದವಂತೆ. ಎಂಟು ತಿಂಗಳ ಹಿಂದೆ ಏಣಿ ಜಾರಿ ಎಡ ಮಂಡಿಯ ಲಿಗಮೆಂಟ್ ಹರಿಯಿತು. ಆಪರೇಷನ್ ಆಯಿತು. ಅಂದಿನಿಂದ ಅವಳನ್ನು ಕಂಪ್ಲೇಂಟ್ ಫೋನಿನ ಮುಂದೆ ಕೂರಿಸಿದ್ದರು. ದಿನಕ್ಕೆ ಇನ್ನೂರು ಜನ ಅದೇ ಪ್ರಶ್ನೆ ಕೇಳುತ್ತಿದ್ದರು: ಕರೆಂಟ್ ಯಾವಾಗ ಬರುತ್ತೆ? ಆದರೂ ಬೆಲ್ಟ್ ಬಿಚ್ಚಿರಲಿಲ್ಲ. ಕುರ್ಚಿಯ ಮೇಲೆ ಕೂರಲೂ ಬೆಲ್ಟ್ ಕಟ್ಟಿಕೊಂಡೇ ಹೋಗುತ್ತಿದ್ದಳು, ಹಟಕ್ಕೆ.

"ಇಲಾಖೆ ಡಾಕ್ಟರ್ ಒಂದು ಟೆಸ್ಟ್ ಇಡ್ತಾರೆ. ಎಡಗಾಲಿಗೆ ಸ್ಟ್ರ್ಯಾಪ್ ಕಟ್ಟಿ ಇಪ್ಪತ್ತು ಕೆಜಿ ಹಿಂದಕ್ಕೆ ಎಳೀಬೇಕು, ಹನ್ನೆರಡು ಸಲ. ಎಳೆದ್ರೆ ಕಂಬ. ಇಲ್ಲಾಂದ್ರೆ ಸಾಯೋ ತನಕ ಫೋನು. ಎರಡನೇ ಚಾನ್ಸ್ ಇಲ್ಲ."

"ನನ್ನ ಕೈಗೆ ಬಂದ ಕಾಲು ಸೋತಿದ್ದಿಲ್ಲ," ಅಂದ ಕೋಚ್.

ಕೋಚಿನ ಸ್ವಂತ ಅಕ್ಕ ಕೌಂಟರಿನಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಜಿಮ್ಮಿನ ಯಜಮಾನಿ ಅವಳೇ. "ಕಾಲು ಸೋಲಲ್ಲ ಕಣಮ್ಮ," ಅಂದಳು, "ಇವನು ಕಿರುಚೋದಕ್ಕೆ ಹೆದರಿ ಓಡೋಗುತ್ತೆ."

ಕೋಚ್ ಆ್ಯಂಕಲ್ ಸ್ಟ್ರ್ಯಾಪ್ ತಂದು ಅವಳ ಮುಂದೆ ಮಂಡಿಯೂರಿದ. ಅಂಗೈಯಗಲದ ಕಪ್ಪು ಪಟ್ಟಿ, ಒಳಗೆ ಮೆತ್ತೆ, ಹೊರಗೆ ಉಕ್ಕಿನ ರಿಂಗು. ಆ ರಿಂಗಿಗೆ ಮಷೀನಿನ ಕೇಬಲ್ಲಿನ ಕೊಕ್ಕೆ ಸಿಕ್ಕಿಸಿದರೆ, ಕಾಲು ಹಿಂದಕ್ಕೆ ಹೋದಷ್ಟೂ ಕಬ್ಬಿಣದ ಪ್ಲೇಟುಗಳು ಮೇಲಕ್ಕೇಳುತ್ತವೆ. ಅವನು ಸಾವಿರಾರು ಕಾಲಿಗೆ ಇದನ್ನು ಕಟ್ಟಿದ್ದ. ಅಂದು ಮಾತ್ರ ವೆಲ್ಕ್ರೋ ಬಿಚ್ಚುವ ಚರ್ರ್ ಸದ್ದಿಗೆ ಅವನ ಎದೆಯೇ ಹರಿದಂತಾಯಿತು.

"ಪಾದದ ಗಂಟಿನ ಮೇಲಲ್ಲ, ಗಂಟಿಗಿಂತ ಎರಡು ಬೆರಳು ಮೇಲೆ," ಅಂದ. "ಒಂದು ಬೆರಳು ತೂರಬೇಕು. ಅಷ್ಟು ಸಡಿಲ ಇರಲಿ."

"ತೂರಿಸಿ ನೋಡಿದ್ದಾಯ್ತಲ್ಲ ಮೇಷ್ಟ್ರೇ. ಬೆರಳು ಇನ್ನೂ ಅಲ್ಲೇ ಇದೆ."

ಕೋಚ್ ಬೆರಳು ಕಿತ್ತುಕೊಂಡ. ಕಿವಿ ಕೆಂಪಗಾಯಿತು. ಎಷ್ಟು ಕೆಂಪು ಅಂದರೆ ಟ್ರಾಫಿಕ್ಕಿನವರು ಕಂಡಿದ್ದರೆ ನಾಲ್ಕೂ ಕಡೆಯ ಗಾಡಿ ನಿಲ್ಲಿಸುತ್ತಿದ್ದರು.

"ಹಿಂದೆ ಹೋಗುವಾಗ ಎರಡು ಎಣಿಕೆ, ವಾಪಸ್ ಬರುವಾಗ ನಾಲ್ಕು. ಪ್ಲೇಟು ಡಬ್ ಅಂತ ಬೀಳಬಾರದು. ಸೊಂಟ ಅಲ್ಲಾಡಬಾರದು."

"ಸೊಂಟ ನೋಡ್ತಿರೋದು ನೀವು. ಅಲ್ಲಾಡಿದ್ರೆ ಹೇಳಿ," ಅಂದು ಕನ್ನಡಿಯೊಳಗಿಂದ ಅವನನ್ನೇ ನೋಡಿದಳು. ತುಟಿ ನಗಲಿಲ್ಲ, ಹುಬ್ಬು ಮಾತ್ರ ನಕ್ಕಿತು.

ಮೊದಲ ದಿನ ಐದು ಕೆಜಿಗೆ ಕಾಲು ಗಾಳಿಗೆ ಸಿಕ್ಕ ಎಲೆಯ ಹಾಗೆ ನಡುಗಿತು. ಹತ್ತನೆಯ ದಿನಕ್ಕೆ ಎಂಟು. ಹದಿನೈದನೆಯ ದಿನಕ್ಕೆ ಹನ್ನೆರಡು. ಅಂಥ ಕಾಲನ್ನು ಭೂಮಿ ಕಂಡಿರಲಿಲ್ಲ. ಅಂಥ ಬೆವರನ್ನೂ ಕಂಡಿರಲಿಲ್ಲ. ಒರೆಸಿದ ನೆಲ ಮಧ್ಯಾಹ್ನದವರೆಗೆ ಒಣಗುತ್ತಿರಲಿಲ್ಲ. ಸೆಟ್ಟಿನ ನಡುವಿನ ಒಂದೊಂದು ನಿಮಿಷದ ವಿರಾಮದಲ್ಲಿ ಅವಳು ಕಂಬದ ಮೇಲಿನ ಲೋಕ ಹೇಳುತ್ತಿದ್ದಳು: ಮೇಲಿಂದ ಕಾಣುವ ತಾರಸಿಗಳು, ಬಟ್ಟೆ ಒಣಹಾಕುವ ಹೆಂಗಸರ ಜಗಳ, ಗಾಳಿ ಬಂದಾಗ ತಂತಿ ಗುನುಗುವ ರಾಗ. ಹೇಳುವಾಗ ಅವಳ ಕಣ್ಣು ಚಾವಣಿ ದಾಟಿ ಹೋಗುತ್ತಿತ್ತು. ಕೋಚಿಗೆ ಆ ಚಾವಣಿಯ ಆಚೆಗಿನ ಎಲ್ಲದರ ಮೇಲೆ ಹೊಟ್ಟೆಕಿಚ್ಚು.

"ಈ ಸ್ಪೀಡಲ್ಲಿ ಹೋದ್ರೆ ಇನ್ನೆರಡು ವಾರಕ್ಕೆ ಇಪ್ಪತ್ತು," ಅಂದಳು ಹದಿನೈದನೆಯ ದಿನ, ಟವೆಲಿನಲ್ಲಿ ಕತ್ತು ಒರೆಸಿಕೊಳ್ಳುತ್ತ. "ಆಮೇಲೆ ನಿಮ್ಮ ಗುಡುಗು ಕೇಳೋ ಕರ್ಮ ಇಲ್ಲ ನೋಡಿ."

ತಮಾಷೆಗೆ ಅಂದದ್ದು. ಕೋಚ್ ಗೋಡೆಯ ಕ್ಯಾಲೆಂಡರಿನತ್ತ ತಿರುಗಿ ದಿನ ಎಣಿಸಿದ. ಎರಡೇ ವಾರ!

ಜಿಮ್ಮಿನಲ್ಲಿ ಕೇಬಲ್ ಮಷೀನು ಎರಡಿದ್ದವು. ಹಳೆಯದು ನೇರ ಸ್ವಭಾವದ್ದು: ಭಾರ ಆರಿಸುವ ಪಿನ್ನನ್ನು ಹತ್ತಕ್ಕೆ ಸಿಕ್ಕಿಸಿದರೆ ಕಾಲಿಗೆ ಬರುವುದೂ ಹತ್ತೇ. ಕನ್ನಡಿಯ ಪಕ್ಕದ ಹೊಸದರಲ್ಲಿ ಕೇಬಲ್ಲು ಇನ್ನೊಂದು ರಾಟೆಯನ್ನು ಸುತ್ತಿ ಬರುತ್ತಿತ್ತು. ಭಾರ ಅಲ್ಲಿ ಎರಡು ಪಾಲಾಗುತ್ತಿತ್ತು. ಪಿನ್ನು ಇಪ್ಪತ್ತಕ್ಕಿದ್ದರೆ ಕಾಲು ಎಳೆಯುವುದು ಹತ್ತು. ಜಿಮ್ಮಿನವರಿಗೆ ಇದು ಗೊತ್ತು. ಕಸರತ್ತಿಗೆ ಬರುವವರು ಪ್ಲೇಟಿನ ಮೇಲಿನ ನಂಬರು ನೋಡಿ ಮನೆಗೆ ಹೋಗಿ ಜಂಬ ಕೊಚ್ಚುತ್ತಾರೆ, ಅಷ್ಟೆ.

ಮಾರನೆಯ ದಿನ ಕೋಚ್ ಅವಳನ್ನು ಹೊಸ ಮಷೀನಿಗೆ ಕರೆದೊಯ್ದ.

"ಯಾಕೆ, ಹಳೇದಕ್ಕೇನಾಯ್ತು?"

"ಇದು ಸ್ಮೂತು. ಮಂಡಿಗೆ ಒಳ್ಳೇದು." ಪಿನ್ನನ್ನು ಹದಿನಾಲ್ಕಕ್ಕೆ ಸಿಕ್ಕಿಸಿದ.

ಅವಳು ಎಳೆದಳು. ಅರ್ಧ ದಾರಿಯಲ್ಲಿ ಕಾಲು ನಿಲ್ಲಿಸಿ ಪ್ಲೇಟುಗಳನ್ನು ನೋಡಿದಳು, ಕೇಬಲ್ಲನ್ನು ನೋಡಿದಳು, ಆಮೇಲೆ ಅವನನ್ನು ನೋಡಿದಳು.

"ಎಷ್ಟು ಕೆಜಿ ಅಂದ್ರಿ?"

"ಹದಿನಾಲ್ಕು."

"ಅಬ್ಬಾ," ಅಂದಳು. "ನಾನು ಇಷ್ಟು ಗಟ್ಟಿ ಅಂತ ಗೊತ್ತೇ ಇರಲಿಲ್ಲ."

ಒಂದು ವಾರ ಅಷ್ಟೇ, ಅಂದುಕೊಂಡ ಕೋಚ್. ವಾರ ಕಳೆಯಿತು. ನಾಲ್ಕು ಕಳೆಯಿತು. ನಂಬರು ಹದಿನಾರಾಯಿತು, ಹದಿನೆಂಟಾಯಿತು. ಕಾಲಿಗೆ ಬರುತ್ತಿದ್ದದ್ದು ಎಂಟು, ಒಂಬತ್ತು. ಪ್ರತಿದಿನ ಅವಳು ಸ್ಟ್ರ್ಯಾಪ್ ಕಟ್ಟಿಸಿಕೊಳ್ಳುತ್ತ ಮೆಲ್ಲಗೆ ಕೇಳುತ್ತಿದ್ದಳು: "ಇವತ್ತು ಎಷ್ಟು ಮೇಷ್ಟ್ರೇ?" ಪ್ರತಿದಿನ ಅವನು ಹೇಳುತ್ತಿದ್ದ. ಹೇಳುವಾಗ ಅವಳ ಕಣ್ಣು ಒಂದು ಕ್ಷಣ ಅವನ ಮುಖದ ಮೇಲೆ ನಿಲ್ಲುತ್ತಿತ್ತು, ಏನನ್ನೋ ಕಾಯುವ ಹಾಗೆ. ಪ್ರೀತಿಯ ನೋಟವೇ ಅದು ಅಂತ ಕೋಚ್ ಆಣೆಯಿಟ್ಟು ಹೇಳುತ್ತಿದ್ದ. ತಪ್ಪೇನೂ ಅಲ್ಲ. ಪ್ರೀತಿಯೂ ಇತ್ತು ಅದರಲ್ಲಿ.

ಒಂದು ದಿನ ಅವಳು ಭುಜಕ್ಕೆ ಭುಜ ತಾಗಿಸಿ ಕೂತು ನೀರು ಕುಡಿದು, ಅದೇ ಬಾಟಲಿಯನ್ನು ಅವನ ಕೈಗೆ ಕೊಟ್ಟಳು. ಆ ನೀರಿನ ರುಚಿ ಅವನ ನಾಲಿಗೆಯಿಂದ ಮೂರು ದಿನ ಇಳಿಯಲಿಲ್ಲ. ಊಟವನ್ನೇ ಬಿಟ್ಟ ಅನ್ನುತ್ತಾರೆ. ಅಕ್ಕನ ಪ್ರಕಾರ ಒಂದು ಹೊತ್ತು ಮಾತ್ರ ಬಿಟ್ಟದ್ದು.

ಅಕ್ಕನ ಕಣ್ಣು ತಪ್ಪಿಸುವುದು ಯಮನಿಂದಲೂ ಆಗುತ್ತಿರಲಿಲ್ಲ.

"ಲೋ, ಬಾ ಇಲ್ಲಿ," ಅಂದಳು ಒಂದು ಮಧ್ಯಾಹ್ನ, ಕೌಂಟರಿನ ಹಿಂದೆ. "ಅವಳ ಚಾರ್ಟಲ್ಲಿ ಹದಿನೆಂಟು ಅಂತ ಬರ್ದಿದೀಯ. ಯಾವ ಮಷೀನಿನ ಹದಿನೆಂಟು?"

ಕೋಚ್ ಉಗುರು ನೋಡಿಕೊಂಡ.

"ಅಂದ್ರೆ ಒಂಬತ್ತು. ತಿಂಗಳ ಹಿಂದೆ ಹನ್ನೆರಡು ಎಳೀತಿದ್ದವಳು. ನೀನು ಅವಳ ಕಾಲನ್ನ ಕಟ್ಟಿದ್ದೀಯೋ, ಕತ್ತರಿಸಿದ್ದೀಯೋ?"

"ಅಕ್ಕ, ಅವಳು ಪಾಸಾದ್ರೆ ಹೋಗ್ತಾಳೆ."

"ಹೋಗಲಿ! ಹೋದವಳು ಬೇಕಾದ್ರೆ ಬರ್ತಾಳೆ."

"ಕಂಬ ಹತ್ತುತ್ತಾಳೆ. ಮತ್ತೆ ಬಿದ್ರೆ? ಫೋನಿನ ಮುಂದೆ ಕೂತ್ರೆ ಜೀವಕ್ಕೇನೂ ಅಪಾಯ ಇಲ್ಲವಲ್ಲ."

ಅಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. "ಜೀವ ಉಳಿಸೋನ ಮುಖ ನೋಡು. ಅವಳು ಬಿದ್ದಾಗ ಮಂಡಿ ಒಂದೇ ಮುರೀತು. ನೀನು ಉಳಿದಿದ್ದನ್ನೂ ಮುರೀತಿದೀಯ. ಟೆಸ್ಟಿಗೆ ಮುಂಚೆ ನೀನಾಗೇ ಹೇಳು. ನಾನು ಹೇಳಿದ್ರೆ ನಿನ್ನ ಮಾನ ಹೋಗುತ್ತೆ. ನೀನು ಹೇಳಿದ್ರೆ ಒಂದಿಷ್ಟಾದ್ರೂ ಉಳಿಯುತ್ತೆ."

ಹೇಳುತ್ತೇನೆ ಅಂದ. ನಾಳೆ ಅಂದ. ನಾಳೆಗಳು ಆ ಜಿಮ್ಮಿನಲ್ಲಿ ಪ್ಲೇಟುಗಳ ಹಾಗೆ ಒಂದರ ಮೇಲೊಂದು ಕೂತವು.

ಟೆಸ್ಟಿನ ಹಿಂದಿನ ದಿನ ಪಿನ್ನು ಇಪ್ಪತ್ತಕ್ಕಿತ್ತು. ಹನ್ನೆರಡು ಸಲ ಎಳೆದಳು, ಉಸಿರೂ ಏರಲಿಲ್ಲ. ಕೋಚ್ ಸ್ಟ್ರ್ಯಾಪ್ ಬಿಚ್ಚಲು ಬಗ್ಗಿದಾಗ ಅವಳ ಕೈ ಬಂದು ಅವನ ತಲೆಯ ಮೇಲೆ ಕೂತಿತು. ಹಗುರಾಗಿ. ಬೆರಳುಗಳು ಕೂದಲೊಳಗೆ ಇಳಿದವು. ಲೋಕದ ಎಲ್ಲ ಗಡಿಯಾರಗಳೂ ನಿಂತವು. ಜಿಮ್ಮಿನದು ಹೇಗೂ ಮೊದಲೇ ನಿಂತಿತ್ತು.

"ಮೇಷ್ಟ್ರೇ, ನಾಳೆ ನಾನು ಪಾಸಾಗ್ತೀನಾ?"

ಈಗ ಹೇಳು, ಅಂದಿತು ಅವನ ಎದೆ. ಕೌಂಟರಿನಲ್ಲಿ ಅಕ್ಕ ಪೆನ್ನು ಕೆಳಗಿಟ್ಟಳು. ಕೋಚಿನ ಬಾಯಿ ತೆರೆಯಿತು. ಇವತ್ತು ಹೇಳಿದರೆ ಅವಳು ಟೆಸ್ಟ್ ಮುಂದೂಡಬಹುದು, ಹಳೆಯ ಮಷೀನಿನಲ್ಲಿ ಇನ್ನೊಂದು ತಿಂಗಳು ದುಡಿಯಬಹುದು, ಗೆಲ್ಲಬಹುದು. ಹೇಳದಿದ್ದರೆ ನಾಳೆ ಸೋತು, ಅತ್ತು, ಇಲ್ಲಿಗೇ ಬರುತ್ತಾಳೆ. ಇಲ್ಲಿಗೇ. ಬೇರೆಲ್ಲಿಗೆ ಹೋಗುತ್ತಾಳೆ?

"ಪಾಸಾಗದೆ!" ಅಂದ. "ಕಣ್ಣು ಮುಚ್ಚಿ ಎಳೀತೀರ. ಆಲ್ ದ ಬೆಸ್ಟ್."

ಅವಳ ಕೈ ಕೂದಲಿನಿಂದ ಮೇಲೆದ್ದಿತು.

ಮರುದಿನ ಕೋಚ್ ಹೊಸ ಅಂಗಿ ತೊಟ್ಟು ಬಂದ. ಅಳುವವಳಿಗೆ ಒರಗಲು ಭುಜ ಬೇಕಲ್ಲ, ಅದಕ್ಕೆ ಒಳ್ಳೆಯ ಬಟ್ಟೆ. ಸಮಾಧಾನದ ಮಾತುಗಳನ್ನು ಕನ್ನಡಿಯ ಮುಂದೆ ಹದಿನೇಳು ಸಲ ಉರು ಹೊಡೆದ. "ಕಂಬ ಹೋದ್ರೆ ಹೋಯ್ತು, ನಾನಿಲ್ವಾ?" ಎಂಬಲ್ಲಿ ದನಿ ಸ್ವಲ್ಪ ನಡುಗಬೇಕು, ಅದನ್ನೂ ಸರಿ ಮಾಡಿಕೊಂಡ. ಇಷ್ಟು ಚೆನ್ನಾಗಿ ಸಿಂಗರಿಸಿಕೊಂಡ ಕಟುಕನನ್ನು ಆ ಊರು ಕಂಡಿರಲಿಲ್ಲ.

ಹನ್ನೆರಡಕ್ಕೆ ಅವಳು ಬಂದಳು.

"ಎಳೆದೆ," ಅಂದಳು. "ಹನ್ನೆರಡಲ್ಲ, ಹದಿನೈದು ಸಲ. ಸೋಮವಾರದಿಂದ ಲೈನಿಗೆ."

ಕೋಚಿನ ಮುಖದಿಂದ ರಕ್ತ ಇಳಿದು ಹೋಯಿತು. ಖುಷಿಪಡಬೇಕು ಅನ್ನುವುದು ಹೊಳೆಯುವಷ್ಟರಲ್ಲಿ ತಡವಾಗಿತ್ತು, ಅವಳು ನೋಡಿಬಿಟ್ಟಿದ್ದಳು.

"ಯಾಕೆ ಮೇಷ್ಟ್ರೇ, ಸತ್ತವರನ್ನ ಕಂಡ ಹಾಗೆ?"

"ಹೇಗೆ..." ಅಂದ. ಆಮೇಲೆ ಬೆಂಚಿನ ಮೇಲೆ ಕುಸಿದು ಎಲ್ಲ ಹೇಳಿದ: ಎರಡು ವಾರ ಅಂದ ಮಾತು, ಹೊಸ ಮಷೀನು, ಎರಡನೆಯ ರಾಟೆ, ಅರ್ಧ ಭಾರ. "ನಿಮ್ಮನ್ನ ಬಿಟ್ಟಿರೋಕಾಗಲ್ಲ ಅಂತ ಮಾಡಿದ್ದು. ನಿಮ್ಮನ್ನ ಪ್ರೀತಿಸ್ತೀನಿ. ನನ್ನ ಜೀವಕ್ಕಿಂತ ಹೆಚ್ಚು."

ಅವಳು ಪಕ್ಕದಲ್ಲಿ ಕೂತಳು. ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

"ರಾಟೆ ಹಾಕಿ ಟ್ರಾನ್ಸ್‌ಫಾರ್ಮರ್ ಎತ್ತೋಳು ನಾನು," ಅಂದಳು ಮೆಲ್ಲಗೆ. "ಹೊಸ ಮಷೀನಿನ ಮೊದಲನೇ ದಿನವೇ ಕಂಡಿತು. ಕಾಲು ಎರಡಡಿ ಹೋದ್ರೆ ಪ್ಲೇಟು ಒಂದಡಿ ಏಳ್ತಿತ್ತು. ಆವತ್ತು ಸಂಜೆನೇ ಆಫೀಸಿನ ಹಿಂದೆ ಹಳೇ ಕಂಬಕ್ಕೆ ಒಂದೇ ರಾಟೆ ಕಟ್ಟಿ, ಮರಳಿನ ಚೀಲ ತೂಗಿಸಿ, ಹೊಸಾ ಸ್ಟ್ರ್ಯಾಪ್ ತಗೊಂಡು ಎಳೆಯೋಕೆ ಶುರು ಮಾಡಿದೆ. ನಿಮ್ಮತ್ರ ಬರ್ತಿದ್ದಿದ್ದು ಕಾಲಿಗೋಸ್ಕರ ಅಲ್ಲ."

"ಮತ್ತೆ?"

"ನೀವು ಹೇಳ್ತೀರ ಅಂತ."

ಅಕ್ಕ ಕೌಂಟರಿನಲ್ಲಿ ಮುಖ ಆ ಕಡೆ ತಿರುಗಿಸಿದಳು.

"ದಿನಾ ಕೇಳ್ದೆ, ಎಷ್ಟು ಅಂತ. ಹೆಣ್ಣು ಬಿಟ್ಟು ಹೋಗ್ತಾಳೆ ಅಂತ ಹೆದರಿ ಸುಳ್ಳು ಹೇಳೋ ಗಂಡಸು ನನಗೆ ಮುದ್ದಾಗೇ ಕಂಡ. ನಾಳೆ ಹೇಳ್ತಾನೆ, ಆವಾಗ ಕಿವಿ ಹಿಂಡಿ ನಾನೂ ನನ್ನ ಮನಸ್ಸಿನ ಮಾತು ಹೇಳೋಣ ಅಂತ ಕಾದೆ. ನಮ್ಮ ಕೆಲಸದಲ್ಲಿ ಕೆಳಗೆ ನಿಂತೋನು 'ಲೈನ್ ಆಫ್' ಅಂದ್ರೆ, ಮೇಲಿರೋರು ಬರಿಗೈಲಿ ತಂತಿ ಹಿಡೀತಾರೆ. ಅವನ ಬಾಯಿಮಾತೇ ಜೀವ. ನಿನ್ನೆ ನಾನು ನಿಮ್ಮನ್ನ ಕೇಳಿದ್ದು ಅದೇ. ಕರೆಂಟ್ ಇದೆ ಅಂತ ಗೊತ್ತಿದ್ದೂ ಹಿಡಿ ಅಂದ್ರಿ."

ಕೋಚ್ ಅವಳ ಕೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ, ಅದೇ ಹೆಚ್ಚು ಕ್ರೂರವಾಗಿತ್ತು. ಆ ಕೈ ಬಿಸಿಯಾಗಿತ್ತು, ಒರಟಾಗಿತ್ತು, ಬದುಕಿಡೀ ಹಿಡಿದುಕೊಳ್ಳಲು ಹೇಳಿ ಮಾಡಿಸಿದಂತಿತ್ತು.

"ಈಗ ಹೇಳ್ದೆನಲ್ಲ. ಎಲ್ಲಾ ಹೇಳ್ದೆ."

"ಈಗ ಹೇಳೋಕೆ ನಿಮಗೇನೂ ಖರ್ಚಿಲ್ಲ ಮೇಷ್ಟ್ರೇ."

"ನಿನ್ನೆ ಹೇಳಿದ್ದಿದ್ರೆ?"

ಅವಳ ಕಣ್ಣು ತುಂಬಿತ್ತು. ಆದರೂ ಒಂದು ಹನಿಯನ್ನೂ ಅವನ ಹೊಸ ಅಂಗಿಯ ಮೇಲೆ ಬೀಳಿಸಲಿಲ್ಲ.

"ನಿನ್ನೆ ಹೇಳಿದ್ರೂ ಸಾಕಿತ್ತು," ಅಂದಳು.

ಅವನ ಹಣೆಗೆ ಒಂದೇ ಒಂದು ಸಲ ತುಟಿ ತಾಗಿಸಿ ಎದ್ದಳು. ಅಕ್ಕನಿಗೆ ಕೈಮುಗಿದಳು. ಬಾಗಿಲು ದಾಟಿ ಮೆಟ್ಟಿಲಿಳಿದಳು, ಇಪ್ಪತ್ತೆರಡು ಮೆಟ್ಟಿಲು. ಸಾವಿರಾರು ಕಾಲು ಪಳಗಿಸಿದ ಕಿವಿ ಅವನದು, ಬೇಡವೆಂದರೂ ಕೇಳಿಸಿಕೊಂಡಿತು. ಎಡಗಾಲಿನ ಹೆಜ್ಜೆ ಯಾವುದು, ಬಲಗಾಲಿನದು ಯಾವುದು ಎಂದು ಕೊನೆಯ ಮೆಟ್ಟಿಲಿನವರೆಗೂ ಅವನಿಗೆ ಹೇಳಲಾಗಲಿಲ್ಲ.