ಹೇಳಿ ಬಂದ ಕಳ್ಳಿ

"ನೀವಾ...?"

ಕಿರಣಕುಮಾರ ಬಾಗಿಲಲ್ಲೇ ನಿಂತುಬಿಟ್ಟ. ಮೆನ್ಲೋ ಪಾರ್ಕಿನ ಆಫೀಸಿನ ಆ ಸಣ್ಣ ಮೀಟಿಂಗ್ ರೂಮಿನಲ್ಲಿ, ಮೇಜಿನಾಚೆ ಕುಳಿತಿದ್ದವಳು ನಿಶ್ಮಿತಾ. ಅವಳ ಮುಂದೆ ಅವನ ಹೆಸರಿದ್ದ ಬಿಳಿ ಲಕೋಟೆ!

ಎಚ್‌ಆರ್‌ನವಳು ಲಕೋಟೆ ಹಿಡಿದು ಕುಳಿತರೆ ಏನರ್ಥವೆಂದು 2001ರ ಆ ವಸಂತದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಡಾಟ್‌ಕಾಮ್ ಕಂಪನಿಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಕೆಲಸಕ್ಕೆಂದು ಪರದೇಶಕ್ಕೆ ಬಂದ ಅವನಂಥವರಿಗೆ ಕೆಲಸ ಹೋದರೆ ವೀಸಾ ಕೂಡ ಹೋದಂತೆಯೇ.

"ಇವತ್ತೇ ಕೊನೇ ದಿನ... ಸಾರಿ, ಕಿರಣ್."

ಬೆಳಗಿನಿಂದ ಹನ್ನೊಂದು ಜನರಿಗೆ ಇದನ್ನೇ ಹೇಳಿದ್ದಳು. ಇವನ ಮುಖ ಮಾತ್ರ ನೋಡದೆ ಲಕೋಟೆಯನ್ನು ಮುಂದಕ್ಕೆ ಸರಿಸಿದಳು.

ಅವನು ಲಕೋಟೆ ಮುಟ್ಟಲಿಲ್ಲ. "ನಿಮಗ ಯಾವಾಗಿಂದ ಗೊತ್ತಿತ್ರಿ?"

"ಒಂಬತ್ತು ದಿನದಿಂದ..."

"ಅಂದ್ರ ಹೋದ ಶನಿವಾರ ನನ್ನ ಬಾಜೂಕ ಕುಂತು ನಕ್ರಲ್ಲ, ಆವಾಗೂ ಗೊತ್ತಿತ್ತು!"

ಅವಳು ತಲೆ ತಗ್ಗಿಸಿದಳು.

ಆರು ತಿಂಗಳ ಶನಿವಾರಗಳು! ಬರ್ಕ್ಲಿಯ ಕ್ಲಬ್ಬೊಂದರಲ್ಲಿ ಇಬ್ಬರೂ ಸೇರಿ ಒಂದು ಜಪಾನೀ ಕಾರ್ಟೂನ್ ಧಾರಾವಾಹಿಗೆ ಇಂಗ್ಲಿಷ್ ಸಬ್‌ಟೈಟಲ್ ಹಾಕುತ್ತಿದ್ದರು. ಒಸಾಕಾದಲ್ಲಿ ಎರಡು ವರ್ಷ ಕೆಲಸ ಮಾಡಿ ಬಂದಿದ್ದ ಅವನು ಮಾತು ಅನುವಾದಿಸುವನು. ಯಾವ ಮಾತು ಯಾವ ಕ್ಷಣಕ್ಕೆ ಪರದೆಯ ಮೇಲೆ ಮೂಡಬೇಕೆಂದು ಗುರುತು ಹಾಕುವವಳು ಇವಳು.

ಅದರ ನಾಯಕ ಬೂದು ಕೋಟಿನ ಸಭ್ಯ ಕಳ್ಳ. ಏನನ್ನು, ಯಾವ ದಿನ, ಎಷ್ಟು ಗಂಟೆಗೆ ಕದಿಯುತ್ತೇನೆಂದು ಮೊದಲೇ ಚೀಟಿ ಕಳಿಸುವನು. ಹೇಳಿದ ಗಳಿಗೆಗೆ ಬಂದು, ಮನೆಯವರಿಗೆ ತಲೆಬಾಗಿ, ಒಯ್ಯುವನು. ಅವನ ನಗುವಿಗೆ ನಿಶ್ಮಿತಾ ಸೋತಿದ್ದಳು. ಆ ನಗುವಿಗೆ ತಕ್ಕ ಇಂಗ್ಲಿಷ್ ಮಾತು ಹುಡುಕುತ್ತಾ ಪೆನ್ಸಿಲ್ ಕಚ್ಚುತ್ತಿದ್ದ ಕಿರಣನಿಗೆ ಇನ್ನೂ ಹೆಚ್ಚು ಸೋತಿದ್ದಳು, ಹೇಳಿರಲಿಲ್ಲ ಅಷ್ಟೇ.

"ಆ ಕಳ್ಳ ಸೈತ ಮೊದಲ ಚೀಟಿ ಕಳಸತಾನ್ರಿ. ನೀವು..."

ಮಾತು ಮುಗಿಸದೆ ಲಕೋಟೆ ಎತ್ತಿಕೊಂಡು ಹೊರಟುಹೋದ.

ಅದಾದ ಮೇಲೆ ಎರಡು ಶನಿವಾರ ಅವನ ಕುರ್ಚಿ ಖಾಲಿ. ಫೋನು ಎತ್ತಲಿಲ್ಲ. ಕೆಲಸ ಹೋಗುವವರ ವಿಷಯ ಬಾಯಿ ಬಿಡುವುದಿಲ್ಲವೆಂದು ಆಫೀಸಿನಲ್ಲಿ ಅವಳಿಂದ ಸಹಿ ಹಾಕಿಸಿಕೊಂಡಿದ್ದರು, ನಿಜ. ಆದರೆ ಅವನ ಕೆಲಸ ಹೋಗುವ ಮುಂಚಿನ ಆ ಶನಿವಾರ ಅವನು ಹೊಸ ಸೋಫಾದ ಚಿತ್ರ ತೋರಿಸಿ ಯಾವ ಬಣ್ಣದ್ದು ಕೊಳ್ಳಲೆಂದು ಕೇಳಿದಾಗ, "ನೀಲಿ ಚಂದ ಉಂಟು" ಎಂದವಳೂ ಇವಳೇ ತಾನೇ? ಅದು ನೆನಪಾದಾಗಲೆಲ್ಲ ಅವಳಿಗೆ ತನ್ನ ಮೇಲೇ ಅಸಹ್ಯವಾಗುತ್ತಿತ್ತು.

ಬರುವ ಭಾನುವಾರ ಅವನು ತನ್ನೂರು ಹುಬ್ಬಳ್ಳಿಗೆ ಹಾರುತ್ತಾನೆಂದು ಕ್ಲಬ್ಬಿನ ಸುಮನ್ ಹೇಳಿದ. ಅಂದೇ ಅವಳು ಒಂದು ಚೀಟಿ ಬರೆದು ಅಂಚೆಗೆ ಹಾಕಿದಳು.

'ಶನಿವಾರ ಮಧ್ಯಾಹ್ನ ಮೂರಕ್ಕೆ ಬಂದು ನಿಮ್ಮ ಸಿಟ್ಟನ್ನು ಕದ್ದೊಯ್ಯುತ್ತೇನೆ. ಕೊಡಲು ಮನಸ್ಸಿಲ್ಲದಿದ್ದರೆ ಬಾಗಿಲು ಹಾಕಿಕೊಳ್ಳಿ.'

ವಾಲ್ನಟ್ ಕ್ರೀಕಿನಲ್ಲಿ ರೈಲಿಳಿದು ಅವನ ಅಪಾರ್ಟ್‌ಮೆಂಟು ತಲುಪಿದಾಗ ಮೂರಕ್ಕೆ ಇನ್ನೂ ಐದು ನಿಮಿಷವಿತ್ತು. ಮೆಟ್ಟಿಲಲ್ಲೇ ನಿಂತಳು. ಬಾಗಿಲು ಹಾಕಿದ್ದರೆ...? ಸರಿಯಾಗಿ ಮೂರಕ್ಕೆ ಮೇಲೆ ಹತ್ತಿದಳು.

ಬಾಗಿಲು ತೆರೆದಿತ್ತು.

ಒಳಗೆ ಎರಡು ಸೂಟ್‌ಕೇಸು, ಪ್ಲಾಸ್ಟಿಕ್ಕನ್ನೂ ತೆಗೆಯದ ನೀಲಿ ಸೋಫಾ. ಅವಳ ಕಣ್ಣು ತುಂಬಿ ಬಂತು.

"ಅಲ್ಲೇ ಯಾಕ ನಿಂತಿದ್ರಿ? ಕಿಟಕಿಯಾಗಿಂದ ನೋಡಿದೆ."

"ಹೇಳಿದ ಟೈಮಿಗೇ ಬರ್ಬೇಕಲ್ವಾ..." ಎಂದವಳು ಅತ್ತೇಬಿಟ್ಟಳು. "ಸೋಫಾದ ಬಣ್ಣ ಕೇಳುವಾಗ್ಲೇ ಹೇಳ್ಬೇಕಿತ್ತು ನಾನು. ಹೆದರಿದೆ ಕಿರಣ್. ನನ್ನ ಕೆಲಸ ಹೋಗ್ತದೆ ಅಂತ ಅಲ್ಲ... ಹೇಳಿದ್ರೆ ಅದೇ ನಮ್ಮ ಕಡೇ ಶನಿವಾರ ಆಗ್ತದೆ ಅಂತ. ನಂಗೆ ನೀವಂದ್ರೆ ಅಷ್ಟು ಇಷ್ಟ!"

ಅವನು ಅಡ್ಡವಿದ್ದ ಸೂಟ್‌ಕೇಸು ಸರಿಸಿ ಅವಳಿಗೆ ಸೋಫಾ ತೋರಿಸಿದ.

"ಸಿಟ್ಟು ಹುಡುಕಬ್ಯಾಡ್ರಿ," ಎಂದ. "ಚೀಟಿ ಬಂದ ದಿನಾನ ಹೋತು. ಈಗ ಉಳದದ್ದು ಬರೇ ಸಂಕಟ. ನನಗೂ ನೀವಂದ್ರ... ಆದ್ರ ನಾಳೆ ಫ್ಲೈಟ್ ಐತ್ರಿ."

ಅವನ ಪ್ರಯಾಣ ತಪ್ಪಿಸುವ ಶಕ್ತಿ ಅವಳಿಗಿರಲಿಲ್ಲ. ಕಣ್ಣೊರೆಸಿಕೊಂಡು ಬ್ಯಾಗಿನಿಂದ ಇನ್ನೊಂದು ಚೀಟಿ ತೆಗೆದು ಅವನ ಕೈಗಿಟ್ಟಳು.

"ಡಿಸೆಂಬರ್ ಹದಿನೈದು, ಹುಬ್ಬಳ್ಳಿ..." ಅವನು ಓದಿದ. "ಏನ್ ಒಯ್ಯಾವ್ರು ಅಂತ ಬರದಿಲ್ಲಲ್ರಿ?"

"ನಿಮ್ಮನ್ನೇ."

ಅವನು ಚೀಟಿಯನ್ನು ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡ. ಆಮೇಲೆ ಮೊದಲ ಸಲ ಅವಳ ಕೈ ಹಿಡಿದ.

"ಬರ್ರಿ... ಬಾಗಲಾ ಹಾಕಂಗಿಲ್ಲ."